ಬೀದರಿನ ಕೆಂಪು ಕಲ್ಲಿನಲ್ಲಿ ನೀರಿನ ಜಾಡು: ಒಂದು ದಿನದ ನಡಿಗೆಗೆ ಸಮಗ್ರ ಮಾರ್ಗದರ್ಶಿ

ಮನೆಯವರನ್ನೆಲ್ಲ ಕರೆದುಕೊಂಡು ಕಲಬುರಗಿಯಿಂದ ಬೀದರಿಗೆ ನಾನು ಮೊದಲ ಸಲ ಹೋದದ್ದು ಮೇ ತಿಂಗಳ ರಜೆಯಲ್ಲಿ. ಬೆಳಿಗ್ಗೆ ನಿಧಾನವಾಗಿ ಹೊರಟು, ದಾರಿಯಲ್ಲಿ ಎರಡು ಕಡೆ ಚಹಾ ಕುಡಿದು, ಹನ್ನೊಂದು ಗಂಟೆಗೆ ಕೋಟೆಯ ಬಾಗಿಲಲ್ಲಿ ಇಳಿದೆವು. ಐದು ಜನರಿಗೆ ಇದ್ದದ್ದು ನಾಲ್ಕು ಬಾಟಲಿ ನೀರು. ಒಂದೂವರೆ ಗಂಟೆಯೊಳಗೆ ನೀರು ಮುಗಿಯಿತು. ತಖ್ತ್ ಮಹಲಿನ ಗೋಡೆಯ ನೆರಳಿನಲ್ಲಿ ಕುಳಿತ ನಮ್ಮ ಅತ್ತೆ ತಲೆ ಸುತ್ತುತ್ತಿದೆ ಎಂದರು. ಉಳಿದದ್ದನ್ನೆಲ್ಲ ಬಿಟ್ಟು ವಾಪಸಾದೆವು. ಆ ದಿನ ನಾವು ಕಂಡದ್ದು ಒಂದಷ್ಟು ಗೋಡೆ, ಬಹಳಷ್ಟು ಬಿಸಿಲು.

ಅದಾದ ಮೇಲೆ ಎಂಟು ಹತ್ತು ಸಲ ಹೋಗಿದ್ದೇನೆ. ಬೀದರನ್ನು ಅರಮನೆ, ಗುಮ್ಮಟಗಳ ಪಟ್ಟಿ ಹಿಡಿದು ನೋಡಬಾರದು, ನೀರಿನ ಜಾಡು ಹಿಡಿದು ನೋಡಬೇಕು ಎಂದು ನನಗೆ ಮನವರಿಕೆಯಾಗಿದೆ. ಈ ಊರು ನಿಂತಿರುವುದು ಮಳೆನೀರನ್ನು ಹೀರಿಕೊಳ್ಳುವ ಒಂದು ಕೆಂಪು ಕಲ್ಲಿನ ಹಾಸಿನ ಮೇಲೆ. ನೀರು ಎಲ್ಲಿ ಕಲ್ಲಿನೊಳಗೆ ಇಳಿಯುತ್ತದೆಯೋ ಅಲ್ಲಿಂದ ನಡಿಗೆ ಶುರುಮಾಡಿ, ಎಲ್ಲಿ ಹೊರಗೆ ಬರುತ್ತದೆಯೋ ಅಲ್ಲಿ ಮುಗಿಸಿದರೆ ಕೋಟೆ, ಸುರಂಗ, ಝರಿ, ಗುರುದ್ವಾರ, ಗೋರಿಗಳು ಎಲ್ಲವೂ ಒಂದೇ ಕಥೆಯಾಗಿ ಕೂಡಿಕೊಳ್ಳುತ್ತವೆ. ಬಿಸಿಲಿನ ಲೆಕ್ಕಕ್ಕೂ ಇದೇ ಕ್ರಮ ಒಗ್ಗುತ್ತದೆ.

ಹೊರಡುವ ಮೊದಲು: ಕಲ್ಲಿನ ಪರಿಚಯ

ಕರಾವಳಿಯವರು ಮುರಕಲ್ಲು ಎನ್ನುವ, ಪುಸ್ತಕಗಳಲ್ಲಿ ಜಂಬಿಟ್ಟಿಗೆ ಅಥವಾ ಲ್ಯಾಟರೈಟ್ ಎಂದು ಓದುವ ಕಲ್ಲೇ ಬೀದರಿನ ಕೆಂಪು ಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇಂಥದೇ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ನೆಲದಡಿ ಇರುವಾಗ ಇದು ಮೆತ್ತಗೆ, ಗುದ್ದಲಿ ಕೊಡಲಿಗಳಿಗೆ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬಂದ ಮೇಲೆ ಒಳಗಿನ ಕಬ್ಬಿಣದ ಅಂಶ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಬೀದರಿನ ಅರ್ಧ ಇತಿಹಾಸ ಈ ಒಂದು ಗುಣದಲ್ಲಿದೆ. ಅಗೆಯುವುದು ಸುಲಭ, ಅಗೆದದ್ದು ಕುಸಿಯುವುದಿಲ್ಲ.

ಇನ್ನೊಂದು ಗುಣ ಅದರ ಮೈಯೊಳಗಿನ ತೂತುಗಳು. ಜೇನುಗೂಡಿನಂತೆ ಕೊಳವೆ ಕೊಳವೆಯಾದ ಈ ಕಲ್ಲಿನ ಮೂಲಕ ಮಳೆನೀರು ಕೆಳಗಿಳಿಯುತ್ತದೆ. ಅದರಡಿಯಲ್ಲಿ ಜೇಡಿಯಂಥ ಪದರ, ಅದಕ್ಕೂ ಕೆಳಗೆ ನಮ್ಮ ದಖ್ಖನ್ನಿನ ಕರಿಕಲ್ಲು. ಹಳೆಯ ಲಾವಾ ಗಟ್ಟಿಯಾಗಿ ಆದ ಆ ಕಲ್ಲಿನೊಳಕ್ಕೆ ನೀರು ಸುಲಭವಾಗಿ ಇಳಿಯಲಾರದು. ಅಲ್ಲಿ ತಡೆದು ನಿಂತ ನೀರು ಅಡ್ಡಕ್ಕೆ ಹರಿದು, ಪ್ರಸ್ಥಭೂಮಿ ಮುಗಿಯುವ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಝೀರಾ, ಝರಣಿ ಎಂಬ ಹೆಸರುಗಳೆಲ್ಲ ಇಂಥ ಅಂಚಿನ ಜಾಗಗಳಿಗೆ ಅಂಟಿಕೊಂಡಿವೆ.

ಮಕ್ಕಳಿದ್ದರೆ ರಸ್ತೆ ಬದಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿಸಿ. ಕೆಂಪು ಕಲ್ಲಿನ ತುಂಡೊಂದರ ಮೇಲೆ ಒಂದು ಬೊಗಸೆ ನೀರು ಹಾಕಿದರೆ ಇಂಗಿಹೋಗುತ್ತದೆ. ಕರಿಕಲ್ಲಿನ ಮೇಲೆ ಹಾಕಿದರೆ ಜಾರಿ ಹರಿಯುತ್ತದೆ. ನನ್ನ ಅಣ್ಣನ ಮಗಳಿಗೆ ಏಳು ವರ್ಷವಿದ್ದಾಗ ಇದನ್ನು ತೋರಿಸಿದ್ದೆ. ಆ ದಿನ ಪೂರ್ತಿ ಅವಳು ಸಿಕ್ಕ ಸಿಕ್ಕ ಕಲ್ಲಿನ ಮುಂದೆಲ್ಲ ನಿಂತು, "ಕಾಕಾ, ಇದು ಕುಡಿಯುವ ಕಲ್ಲೋ, ಕುಡಿಯದ ಕಲ್ಲೋ?" ಎಂದು ಕೇಳುತ್ತಿದ್ದಳು. ಸ್ಮಾರಕಗಳ ಕಲ್ಲಿನ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಯಾವ ತಿಂಗಳು, ಏನೇನು ಜೊತೆಗೆ

ಮಳೆಗಾಲ ಮುಗಿಯುವ ಹೊತ್ತಿನಿಂದ ಫೆಬ್ರವರಿಯವರೆಗೆ ಹೋಗಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ತಿಂಗಳಲ್ಲಿ ಒರತೆಗಳು ತುಂಬಿರುತ್ತವೆ, ಕೋಟೆಯ ಕಂದಕದ ಗೋಡೆಗಳ ಮೇಲೆ ಹಸಿರು ಇರುತ್ತದೆ. ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಚಳಿಗೆ ಸ್ವೆಟರ್ ಬೇಕು. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಊರು, ಕಲಬುರಗಿಗಿಂತ ತಂಪು. ಹಾಗೆಂದು ಏಪ್ರಿಲ್ ಮೇ ತಿಂಗಳಲ್ಲಿ ನಡೆಯುವ ಧೈರ್ಯ ಮಾಡಬೇಡಿ. ಕೆಂಪು ಕಲ್ಲು ಕಾದರೆ ಬಿಸಿ ಮೇಲಿನಿಂದಲೂ ಬರುತ್ತದೆ, ಕಾಲಡಿಯಿಂದಲೂ ಬರುತ್ತದೆ.

ತಲೆಗೆ ಮೂರು ಲೀಟರ್ ನೀರು. ಇದನ್ನು ಕಡಿಮೆ ಮಾಡಬೇಡಿ. ಎರಡು ಪೊಟ್ಟಣ ಓಆರ್‌ಎಸ್ ಇರಲಿ. ಅಡಿ ಹಿಡಿತವಿರುವ ಬೂಟು ಹಾಕಿ. ಜಂಬಿಟ್ಟಿಗೆಯ ಮೇಲಿನ ಸಣ್ಣ ದುಂಡು ಹರಳುಗಳು ಕಾಲಡಿಯಲ್ಲಿ ಉರುಳುತ್ತವೆ, ಇಳಿಜಾರಿನಲ್ಲಿ ಚಪ್ಪಲಿ ಹಾಕಿದವರು ಜಾರಿ ಬೀಳುವುದನ್ನು ಬಹಳ ನೋಡಿದ್ದೇನೆ. ಒಂದು ಟಾರ್ಚ್ ಇರಲಿ. ಝರಣಿ ನರಸಿಂಹನ ಗುಹೆಯ ನೀರಿಗೆ ಇಳಿಯುವವರಿಗೆ ಒಂದು ಜೊತೆ ಒಣ ಬಟ್ಟೆ, ಟವೆಲ್, ಮೊಬೈಲ್ ಇಡಲು ನೀರು ಹೋಗದ ಚೀಲ ಬೇಕು. ಗುರುದ್ವಾರದಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು. ಒಂದು ದೊಡ್ಡ ಕರವಸ್ತ್ರವಿದ್ದರೆ ಅಲ್ಲಿಗೂ ಆಯಿತು, ಬಿಸಿಲಿಗೂ ಆಯಿತು.

ಬುತ್ತಿಗೆ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು. ಈ ಬಿಸಿಲಿಗೆ ಕೆಡದ, ಹೊಟ್ಟೆ ಭಾರವಾಗಿಸದ ಊಟ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ.

ಹಂತ 1: ಕಲಬುರಗಿಯಿಂದ ಬೀದರಿಗೆ, ಬೆಳಗಿನ ಐದೂವರೆಗೆ

ರಸ್ತೆಯಲ್ಲಿ ಸುಮಾರು 110 ಕಿಲೋಮೀಟರ್. ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಸ್ವಂತ ವಾಹನದಲ್ಲಿ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಐದೂವರೆಗೆ ಹೊರಟರೆ ಎಂಟಕ್ಕೆ ನೌಬಾದಿನಲ್ಲಿರುತ್ತೀರಿ. ಆರೂವರೆಗೆ ಹೊರಟರೆ ಇಡೀ ದಿನದ ಲೆಕ್ಕ ತಪ್ಪುತ್ತದೆ, ಕೋಟೆಯ ನಡಿಗೆ ನಡುಮಧ್ಯಾಹ್ನಕ್ಕೆ ಬಂದು ಬೀಳುತ್ತದೆ.

ಕಲಬುರಗಿ ಸುತ್ತಿನ ಎರೆ ಹೊಲಗಳ ಕಪ್ಪನ್ನು ಬೆಳಗಿನ ಬೆಳಕಿನಲ್ಲಿ ಗಮನಿಸಿ. ಕಮಲಾಪುರ ದಾಟಿ ನೆಲ ಏರತೊಡಗಿದ ಮೇಲೆ ಮುಂದೆಲ್ಲೋ ರಸ್ತೆ ಬದಿಯ ಮಣ್ಣು ಕೆಂಪಾಗುತ್ತದೆ. ಕರಿಕಲ್ಲಿನ ಮೇಲಿನ ನೆಲ ಬಿಟ್ಟು ಕೆಂಪು ಟೊಪ್ಪಿಗೆ ಹೊತ್ತ ನೆಲಕ್ಕೆ ಬಂದಿರಿ ಎಂಬುದರ ಗುರುತು ಅದು. ಸಂಜೆ ಇದೇ ಬಣ್ಣದ ಬದಲಾವಣೆಯನ್ನು ನಡೆದುಕೊಂಡೇ ನೋಡಲಿದ್ದೀರಿ. ಕಮಲಾಪುರದಲ್ಲಿ ಅಲ್ಲಿಯದೇ ಕೆಂಪು ಬಾಳೆಹಣ್ಣು ಸಿಕ್ಕರೆ ಅರ್ಧ ಡಜನ್ ಕೊಂಡುಕೊಳ್ಳಿ. ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು ಅದು, ತಿಂದರೆ ಒಂದೆರಡು ತಾಸು ಹಸಿವು ಸುಳಿಯುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಇನ್ನೊಂದು ಸುಖವಿದೆ. ಕಲಬುರಗಿ–ಬೀದರ್ ಮಾರ್ಗ ಪೂರ್ಣವಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಮರಗುತ್ತಿಯ ಹತ್ತಿರ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ರೈಲು ಸಾಗುತ್ತದೆ. ಆದರೆ ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಹಿಂದಿನ ದಿನವೇ ಎರಡೂ ಕಡೆಯ ವೇಳೆಯನ್ನು ನೋಡಿಕೊಳ್ಳಿ. ಬೀದರಿನಲ್ಲಿ ಇಳಿದ ಮೇಲೆ ಆಟೋವೊಂದನ್ನು ದಿನಕ್ಕೆ ಮಾತಾಡಿಕೊಳ್ಳುವುದು ಲೇಸು. ಜಾಗದಿಂದ ಜಾಗಕ್ಕೆ ಹೊಸ ಆಟೋ ಹುಡುಕುತ್ತ ಹೋದರೆ ಹೊತ್ತು ಕಳೆಯುತ್ತದೆ. ನಿಮ್ಮ ಪಟ್ಟಿಯನ್ನು ಮೊದಲೇ ಹೇಳಿ, ಕಾಯುವ ಹೊತ್ತನ್ನೂ ಸೇರಿಸಿ ದರ ಗೊತ್ತುಮಾಡಿಕೊಳ್ಳಿ.

ಹಂತ 2: ನೌಬಾದಿನ ಸುರಂಗ ಬಾವಿ, ಎಂಟರಿಂದ ಒಂಬತ್ತು

ಹುಮನಾಬಾದ್ ಕಡೆಯಿಂದ ಬರುವವರಿಗೆ ನೌಬಾದ್ ಊರೊಳಗೆ ಹೋಗುವ ಮೊದಲೇ ಸಿಗುತ್ತದೆ. ನೆಲದಡಿ ನೀರು ಹರಿಸುವ ಸುರಂಗಕ್ಕೆ ಪುಸ್ತಕಗಳಲ್ಲಿ ಕರೇಜ್ ಎನ್ನುತ್ತಾರೆ. ಇಲ್ಲಿ "ಕರೇಜ್ ಎಲ್ಲಿ?" ಎಂದು ಕೇಳಿದರೆ ಕೆಲವರಿಗೆ ಗೊತ್ತಾಗದಿರಬಹುದು, "ಸುರಂಗ ಬಾವಿ" ಎಂದರೆ ದಾರಿ ತೋರಿಸುತ್ತಾರೆ.

ಮೇಲಿನಿಂದ ನೋಡಿದರೆ ಬಯಲಿನಲ್ಲಿ ಸಾಲಾಗಿ ಕೆಲವು ಬಾವಿಗಳು, ಅಷ್ಟೇ. ನಿಜವಾದ ಕೆಲಸವೆಲ್ಲ ನೆಲದಡಿಗಿದೆ. ಎತ್ತರದ ಜಾಗದಲ್ಲಿ ಅಂತರ್ಜಲ ಮುಟ್ಟುವವರೆಗೆ ಒಂದು ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ಒಂದು ಸುರಂಗ. ಅದರ ಇಳಿಜಾರು ಬಹಳ ಸೂಕ್ಷ್ಮವಾಗಿರಬೇಕು. ಹೆಚ್ಚಾದರೆ ನೀರಿನ ರಭಸ ಸುರಂಗದ ತಳವನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂಡುತ್ತದೆ. ಅಗೆದ ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿ ಸಿಗಲು ಅಲ್ಲಲ್ಲಿ ನೆಟ್ಟನೆಯ ಬಾವಿಗಳು. ನೀವು ಬಯಲಿನಲ್ಲಿ ನೋಡುವುದು ಈ ಬಾವಿಗಳ ಬಾಯಿ. ಪಂಪು ಇಲ್ಲ, ಏತ ಇಲ್ಲ, ನೀರು ತನ್ನ ಭಾರಕ್ಕೇ ಹರಿದು ಬರುತ್ತದೆ. ನೆಲದಡಿ ಹರಿಯುವುದರಿಂದ ಬಿಸಿಲಿಗೆ ಆವಿಯಾಗಿ ಹೋಗುವುದೂ ಇಲ್ಲ.

ಇದು ಇರಾನಿನ ಮರುಭೂಮಿ ಸೀಮೆಯ ವಿದ್ಯೆ. ಅಲ್ಲಿ ಇದಕ್ಕೆ ಕನಾತ್ ಎನ್ನುತ್ತಾರೆ. 2016ರಲ್ಲಿ ಪರ್ಷಿಯಾದ ಕನಾತ್‌ಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹಮನಿ ಸುಲ್ತಾನ ಅಹ್ಮದ್ ಶಾಹ 15ನೆಯ ಶತಮಾನದಲ್ಲಿ ನಮ್ಮ ಕಲಬುರಗಿಯನ್ನು ಬಿಟ್ಟು ರಾಜಧಾನಿಯನ್ನು ಬೀದರಿಗೆ ಒಯ್ದಾಗ, ಇರಾನಿನ ಕಡೆಯ ವಿದ್ವಾಂಸರು, ಕುಶಲಕರ್ಮಿಗಳು, ಸೂಫಿಗಳು ಇಲ್ಲಿಗೆ ಬಂದು ನೆಲೆಸಿದರು. ಮರಳುನಾಡಿನ ಆ ವಿದ್ಯೆಗೆ ಇಲ್ಲಿ ಹೇಳಿ ಮಾಡಿಸಿದಂಥ ಕಲ್ಲು ಸಿಕ್ಕಿತು. ನೀರು ಹೀರುವ, ಅಗೆಯಲು ಬಗ್ಗುವ, ಅಗೆದ ಮೇಲೆ ಗಟ್ಟಿಯಾಗುವ ಕಲ್ಲು. ನೌಬಾದಿನ ಸುರಂಗ 2 ಕಿಲೋಮೀಟರಿಗೂ ಉದ್ದವಾಗಿದೆ, ಅದರ ಮೇಲೆ 20ಕ್ಕೂ ಹೆಚ್ಚು ಬಾವಿಗಳನ್ನು ಗುರುತಿಸಿದ್ದಾರೆ. ಬೀದರಿನಲ್ಲಿ ಶುಕ್ಲತೀರ್ಥ, ಜಮುನಾ ಮೋರಿ ಎಂಬ ಇನ್ನೆರಡು ಇಂಥ ಜಾಲಗಳೂ ಇವೆ.

ಇಲ್ಲಿ ಎಚ್ಚರ ಬೇಕು. ಬಾವಿಯ ಬಾಯಿಯ ಹತ್ತಿರ ಹುಲ್ಲು ಬೆಳೆದಿದ್ದರೆ ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಾಣುವುದಿಲ್ಲ. ಮಕ್ಕಳ ಕೈ ಹಿಡಿದುಕೊಂಡೇ ಇರಿ. ಬಗ್ಗಿ ಫೋಟೊ ತೆಗೆಯಬೇಡಿ. ಸುರಂಗದೊಳಕ್ಕೆ ನೀವಾಗಿಯೇ ಇಳಿಯಬಾರದು. ಒಳಗೆ ಗಾಳಿ ಸಾಲದಿರಬಹುದು, ನೀರಿನ ಆಳ ತಿಳಿಯುವುದಿಲ್ಲ, ಮಳೆ ಬಂದರೆ ಮಟ್ಟ ಏರುತ್ತದೆ. ಒಮ್ಮೆ ಹೊಲದಿಂದ ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಬಾವಿಯಂಚಿನಿಂದ ಹಿಂದೆ ಕರೆದು, ಮಳೆಗಾಲದಲ್ಲಿ ಇದರೊಳಗಿನ ಸದ್ದನ್ನು ದೂರದಲ್ಲಿ ಕುಳಿತೇ ಕೇಳಬಹುದು ಎಂದರು. ಅವರು ತೋರಿಸಿದ ಜಾಗದಲ್ಲಿ ಐದು ನಿಮಿಷ ಸುಮ್ಮನೆ ಕುಳಿತೆ. ನೀರಿನ ಸದ್ದು ಕೇಳಿಸಿತು. ಆ ಐದು ನಿಮಿಷವನ್ನು ನೀವೂ ಕೊಡಿ.

ಬಾವಿಗಳ ಸಾಲಿನ ಪಕ್ಕದಲ್ಲಿ ನಡೆಯುತ್ತ ಹೋದರೆ ನೆಲದ ಇಳಿಜಾರು ನಿಧಾನಕ್ಕೆ ಕಾಲಿಗೆ ತಿಳಿಯತೊಡಗುತ್ತದೆ. ಅರ್ಧ ತಾಸಿನ ನಡಿಗೆ ಸಾಕು. ಖಾಸಗಿ ಹೊಲ, ಮನೆಗಳ ಅಂಗಳ ಅಡ್ಡ ಬಂದರೆ ಕೇಳಿ ದಾಟಿ.

ಹಂತ 3: ಕೋಟೆಯ ಕಂದಕಗಳು, ಒಂಬತ್ತೂವರೆಯಿಂದ ಹನ್ನೆರಡು

ನಡುವೆ ಊರಲ್ಲಿ ಒಂದು ತಟ್ಟೆ ಸುಸಲಾ, ಎರಡು ಮಿರ್ಚಿ ಭಜಿ ತಿಂದು ಮುಂದೆ ಹೋಗಿ. ಬಾಟಲಿಗಳನ್ನೆಲ್ಲ ಮತ್ತೆ ತುಂಬಿಸಿಕೊಳ್ಳಿ.

ಕೋಟೆಗೆ ಬಂದವರೆಲ್ಲ ಮೊದಲ ಬಾಗಿಲನ್ನು ದಾಟಿ ನೇರ ಅರಮನೆಗಳ ಕಡೆ ನಡೆಯುತ್ತಾರೆ. ನೀವು ಪ್ರವೇಶದ ಹಾದಿಯಲ್ಲೇ ನಿಂತು ಎಡಬಲ ಕೆಳಗೆ ನೋಡಿ. ಒಂದರ ಪಕ್ಕ ಒಂದರಂತೆ ಮೂರು ಕಂದಕಗಳು, ಅವುಗಳ ನಡುವೆ ಕಡಿಯದೆ ಹಾಗೇ ಬಿಟ್ಟ ಎರಡು ಕಲ್ಲಿನ ಗೋಡೆಗಳು. ಎಲ್ಲವೂ ಒಂದೇ ಜಂಬಿಟ್ಟಿಗೆಯ ಹಾಸನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು. ಕೆಂಪು ಕಮರಿಯನ್ನು ನೋಡಲು ಜನ ಬಹಳ ದೂರ ಹೋಗುತ್ತಾರೆ. ಮನುಷ್ಯರ ಕೈಯಿಂದಾದ ಈ ಕಮರಿ ನಮ್ಮ ಮನೆಯಿಂದ ಎರಡೂವರೆ ಗಂಟೆಯ ದಾರಿಯಲ್ಲಿದೆ.

ಮೂರು ಕಂದಕ ಎಲ್ಲ ಕಡೆ ಏಕಿಲ್ಲ ಎಂಬುದನ್ನು ಯೋಚಿಸಿ ನೋಡಿ. ಉತ್ತರ, ಪೂರ್ವಗಳಲ್ಲಿ ಪ್ರಸ್ಥಭೂಮಿಯೇ ಕಡಿದುಬಿದ್ದು ಕಣಿವೆಯಾಗಿದೆ, ಅಲ್ಲಿ ನೆಲವೇ ಕಾವಲು. ಊರಿನ ಕಡೆ ನೆಲ ಸಮತಟ್ಟು, ಶತ್ರು ನಡೆದುಕೊಂಡೇ ಬರಬಹುದು. ಅದಕ್ಕಾಗಿ ಆ ಕಡೆ ಕಲ್ಲನ್ನು ಕಡಿಯಬೇಕಾಯಿತು. ಸುಮಾರು 1428ರಿಂದ 1432ರ ನಡುವೆ ಅಹ್ಮದ್ ಶಾಹ ಈ ಕೋಟೆಯನ್ನು ಹೊಸದಾಗಿ ಕಟ್ಟಿಸಿದ. 37 ಕೊತ್ತಲಗಳಿವೆ. ಕಂದಕದೊಳಗೆ ಇಳಿಯುವ ಆಸೆಯಾದರೂ ಬೇಡ. ಮುಳ್ಳು ಗಿಡ, ಹಾವು, ಸಡಿಲ ಕಲ್ಲು ಎಲ್ಲವೂ ಅಲ್ಲಿವೆ. ಮೇಲಿನಿಂದಲೇ ಬೇರೆ ಬೇರೆ ಕಡೆ ನಿಂತು ನೋಡಿ. ಬೆಳಗಿನ ಓರೆ ಬೆಳಕಿನಲ್ಲಿ ಕಡಿದ ಗೋಡೆಯ ಮೈ ಸ್ಪಷ್ಟವಾಗಿ ಕಾಣುತ್ತದೆ. ಹನ್ನೆರಡರ ನಂತರ ಅದೆಲ್ಲ ಒಂದೇ ಬಣ್ಣವಾಗಿಬಿಡುತ್ತದೆ.

ಮುಂದೆ ಷರ್ಜಾ ದರ್ವಾಜಾ. ಅದರ ಮೇಲಿನ ಶಾಸನ 1503ರದು, ಎರಡು ಹುಲಿಗಳ ಉಬ್ಬುಶಿಲ್ಪಗಳಿವೆ. ಆಮೇಲೆ ದಪ್ಪ ಗೋಡೆಗಳ ಗುಂಬದ್ ದರ್ವಾಜಾ. ಅದರ ಸಮೀಪವೇ ರಂಗೀನ್ ಮಹಲ್. ಬಹಮನಿಗಳ ನಂತರ ಬೀದರನ್ನಾಳಿದ ಬರೀದ್ ಶಾಹಿಗಳ ಕಾಲದಲ್ಲಿ ಅಲಿ ಬರೀದ್ ಇದನ್ನು ಹೊಸದಾಗಿ ಅಲಂಕರಿಸಿದ. ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ ಇಡೀ ಕೋಟೆಯಲ್ಲೇ ಅತ್ಯಂತ ನವಿರಾದದ್ದು. ಇದಕ್ಕೆ ಬೀಗ ಹಾಕಿರುವುದುಂಟು. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿ.

ಸೋಲಾ ಖಂಬ ಮಸೀದಿ, ತರ್ಕಶ್ ಮಹಲ್, ಗಗನ್ ಮಹಲ್‌ಗಳನ್ನು ನಿಮ್ಮ ಆಸಕ್ತಿಯಂತೆ ನೋಡಿ. ನಾನು ಹೆಚ್ಚು ಹೊತ್ತು ಕೊಡುವುದು ಲಾಲ್ ಬಾಗಿನ ನೀರಿನ ಕಾಲುವೆಗಳಿಗೆ. ಹರಿವಿಗೆ ಎಷ್ಟು ಓಟ ಕೊಡಬೇಕು ಎಂಬ ಲೆಕ್ಕ ಸುರಂಗದಲ್ಲಿ ಊರಿನ ಜೀವ ಉಳಿಸಲು ಬಂತು, ಇಲ್ಲಿ ಕಣ್ಣಿನ ಸುಖಕ್ಕೆ ಬಂತು.

ಹನ್ನೊಂದು ಗಂಟೆಯೊಳಗೆ ಕೋಟೆಯ ಅಂಚಿಗೆ ನಡೆಯಿರಿ. ದಾರಿ ಏರಿಳಿತದ್ದು, ನೆರಳು ಕಡಿಮೆ. ಮುಂಡಾ ಬುರುಜಿನ ಮೇಲೆ ದೊಡ್ಡ ತೋಪೊಂದು ಕುಳಿತಿದೆ. ಉತ್ತರದ ಅಂಚಿನಿಂದ ಕೆಳಗೆ ನೋಡಿದರೆ ಮಾಂಜರಾ ನದಿಯ ಕಡೆಗೆ ಚಾಚಿಕೊಂಡ ತಗ್ಗು ಪ್ರದೇಶ ಕಾಣುತ್ತದೆ. ನೀವು ನಿಂತ ನೆಲ ಇಲ್ಲಿಗೆ ಮುಗಿಯಿತು. ಬೆಳಿಗ್ಗೆ ನೌಬಾದಿನಲ್ಲಿ ಇಂಗುತ್ತಿದ್ದ ಮಳೆಯಂಥದೇ ನೀರು ಇಂಥ ಅಂಚುಗಳಲ್ಲಿ ಎಲ್ಲಾದರೂ ಹೊರಬೀಳಲೇಬೇಕು. ಅಂಚಿನ ಗೋಡೆ ಹತ್ತಬೇಡಿ, ಹಳೆಯ ಗಾರೆ ಸಡಿಲವಾಗಿದೆ. ಕಮಾನುಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಗದ್ದಲ, ಹೊಗೆ, ಅತ್ತರಿನ ವಾಸನೆ ಮೂರೂ ಕೂಡದು.

ಯಾರಿಗಾದರೂ ತಲೆನೋವು, ವಾಕರಿಕೆ ಬಂದರೆ ನೆರಳಿಗೆ ಕರೆತಂದು ಕೂರಿಸಿ, ಓಆರ್‌ಎಸ್ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ, ಕುತ್ತಿಗೆ ಕಂಕುಳಿಗೆ ಒದ್ದೆ ಬಟ್ಟೆ ಇಡಿ. ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಅತ್ತೆಗೆ ಆ ದಿನ ಮೊದಲನೆಯ ಹಂತದಲ್ಲೇ ನಾವು ಎಚ್ಚೆತ್ತುಕೊಂಡೆವು. ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಂತ 4: ಗುರುನಾನಕ್ ಝೀರಾ, ನಡುಮಧ್ಯಾಹ್ನ

ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಇರಬೇಕಾದ ಜಾಗ ಈ ಗುರುದ್ವಾರ. ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ 16ನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದರೆಂದು ಸಿಖ್ಖರ ನಂಬಿಕೆ. ಕುಡಿಯುವ ನೀರಿಲ್ಲದೆ ಜನ ಕಷ್ಟಪಡುವುದನ್ನು ಕಂಡ ಗುರುಗಳು ತಮ್ಮ ಪಾದದಿಂದ ಕಲ್ಲನ್ನು ಸರಿಸಿದಾಗ ಸಿಹಿನೀರಿನ ಬುಗ್ಗೆ ಚಿಮ್ಮಿತು ಎಂದು ಕಥೆ. ಕೆಂಪು ಗುಡ್ಡದ ಬುಡದಿಂದ ಬರುವ ಆ ನೀರು ಇಂದಿಗೂ ಹರಿಯುತ್ತದೆ. ಬೆಳಗಿನಿಂದ ಕಲ್ಲಿನ ಗುಣವನ್ನು ನೋಡುತ್ತ ಬಂದವರಿಗೆ ಬುಗ್ಗೆ ಇಲ್ಲೇ ಏಕೆ ಎಂಬುದು ಹೊಳೆಯುತ್ತದೆ. ಹೊಳೆದ ಮೇಲೂ ನನಗೆ ಆ ಕಥೆಯ ಮೇಲಿನ ಗೌರವ ಕಡಿಮೆಯಾಗಿಲ್ಲ. ಬಾಯಾರಿದ ಊರಿಗೆ ನೀರು ಕಂಡುಕೊಟ್ಟವರನ್ನು ಈ ಸೀಮೆ ಮರೆಯುವುದಿಲ್ಲ.

ಬೀದರಿಗೂ ಸಿಖ್ಖರಿಗೂ ಇನ್ನೊಂದು ನಂಟಿದೆ. ಗುರು ಗೋವಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಲ್ಲಿ, ಅಂದರೆ ಪಂಚ ಪ್ಯಾರೆಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

ಬೂಟು ಬಿಟ್ಟು, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡು ಒಳಗೆ ಹೋಗಿ. ಲಂಗರಿನಲ್ಲಿ ಯಾರಿಗಾದರೂ ಊಟವಿದೆ, ಹಣ ಕೇಳುವುದಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು, ತಟ್ಟೆಯಲ್ಲಿ ಬಿಡಬಾರದು. ಊಟವಾದ ಮೇಲೆ ತಟ್ಟೆ ತೊಳೆಯುವ ಸೇವೆಗೆ ಹತ್ತು ನಿಮಿಷ ಕೊಡಬಹುದು. ಹೀಗಾದರೆ ನಿಮ್ಮ ಬುತ್ತಿ ಸಂಜೆಗೆ ಉಳಿಯುತ್ತದೆ. ಒಂದೂವರೆವರೆಗೆ ಅಲ್ಲೇ ನೆರಳಿನಲ್ಲಿ ಕುಳಿತಿರಿ, ಅವಸರ ಬೇಡ.

ಹಂತ 5: ಝರಣಿ ನರಸಿಂಹ, ಎರಡರಿಂದ ಮೂರೂವರೆ

ಹೊರಗೆ ಧಗೆ ಹೆಚ್ಚಿದಾಗ ಕಲ್ಲಿನ ಹೊಟ್ಟೆಯೊಳಗಿರುವುದೇ ಜಾಣತನ. ಮಂಗಲಪೇಟೆಯ ಈ ಗುಹಾಲಯಕ್ಕೆ ಕೆಂಪು ಕಲ್ಲಿನೊಳಗೆ ಕೊರೆದ ಸುರಂಗದಲ್ಲಿ ಸುಮಾರು 300 ಮೀಟರ್ ನೀರಿನಲ್ಲೇ ನಡೆದು ಹೋಗಬೇಕು. ನೀರು ಸೊಂಟದಿಂದ ಎದೆಯವರೆಗೆ ಬರುತ್ತದೆ. ತಲೆಯ ಮೇಲೆ ಬಾವಲಿಗಳು ತೂಗುತ್ತಿರುತ್ತವೆ, ಅವು ಯಾರನ್ನೂ ಮುಟ್ಟುವುದಿಲ್ಲ. ಕೊನೆಯಲ್ಲಿ ಗೋಡೆಯಲ್ಲಿ ಮೂಡಿದ ನರಸಿಂಹ, ಪಕ್ಕದಲ್ಲಿ ಶಿವಲಿಂಗ. ನಿಲ್ಲುವ ಜಾಗ ಕೆಲವೇ ಜನರಿಗೆ ಸಾಕಾಗುವಷ್ಟು.

ಹೊರಡುವ ಮೊದಲು ಸುರಂಗಕ್ಕೆ ಬಿಡುತ್ತಿದ್ದಾರೆಯೇ ಎಂದು ಊರಿನಲ್ಲಿ ಕೇಳಿಕೊಳ್ಳಿ. ಕೆಲವೊಮ್ಮೆ ಮುಚ್ಚಿರುತ್ತದೆ. ಹಬ್ಬ, ಶನಿವಾರ, ಭಾನುವಾರಗಳ ನೂಕುನುಗ್ಗಲಿನಲ್ಲಿ ಹೋಗಬೇಡಿ. ಉಸಿರಾಟ, ಹೃದಯದ ತೊಂದರೆ ಇರುವವರು, ಇಕ್ಕಟ್ಟಿನಲ್ಲಿ ದಿಗಿಲಾಗುವವರು ಹೊರಗಿನಿಂದಲೇ ಕೈಮುಗಿಯುವುದು ಕ್ಷೇಮ. ಚಿಕ್ಕ ಮಕ್ಕಳು ಹೆಗಲ ಮೇಲೆ ಕುಳಿತು ಹೋಗುವುದನ್ನು ನೋಡಿದ್ದೇನೆ. ಎತ್ತಿಕೊಂಡವರಿಗೆ ಈಜು ಬರದಿದ್ದರೂ ಪರವಾಗಿಲ್ಲ, ಕಾಲು ಗಟ್ಟಿಯಾಗಿ ಊರುವ ಅಭ್ಯಾಸ ಬೇಕು. ಒಳಗೆ ಉಸಿರು ಕಟ್ಟಿದಂತಾದರೆ ಕೊನೆಯವರೆಗೆ ಹೋಗಲೇಬೇಕೆಂಬ ಹಟ ಬಿಟ್ಟು ತಿರುಗಿ ಬನ್ನಿ.

ನಡೆಯುವಾಗ ಸುರಂಗದ ಗೋಡೆಗೆ ಅಂಗೈ ಒತ್ತಿ ನೋಡಿ. ಅದೇ ತೂತು ತೂತಾದ ಕಲ್ಲು, ಈಗ ಒಳಗಿನಿಂದ. ಕೈ ತಣ್ಣಗೆ ಒದ್ದೆಯಾಗುತ್ತದೆ. ಬೆಳಿಗ್ಗೆ ಬಾವಿಯ ಬಾಯಿಯಲ್ಲಿ ಕೇಳಿದ್ದನ್ನು ಇಲ್ಲಿ ಮುಟ್ಟಿ ತಿಳಿಯಬಹುದು. ಇಡೀ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು.

ಹಂತ 6: ಚೌಖಂಡಿಯಿಂದ ಅಷ್ಟೂರಿಗೆ ನಡೆದುಕೊಂಡು, ನಾಲ್ಕರ ನಂತರ

ಬಟ್ಟೆ ಬದಲಿಸಿ, ಒಂದು ಚಹಾ ಕುಡಿದು ಪೂರ್ವದ ಕಡೆ ಹೊರಡಿ. ಅಷ್ಟೂರು ಊರಿನಿಂದ ಸುಮಾರು 3 ಕಿಲೋಮೀಟರ್. ಅದೇ ದಾರಿಯಲ್ಲಿ ಚೌಖಂಡಿ ಸಿಗುತ್ತದೆ. ವಾಹನವನ್ನು ಅಷ್ಟೂರಿಗೆ ಮುಂದೆ ಕಳುಹಿಸಿ ನೀವು ಇಲ್ಲಿಂದ ನಡೆಯುವುದಾದರೆ ಉತ್ತಮ.

ಚೌಖಂಡಿ ಎಂಟು ಮೂಲೆಯ ಎತ್ತರದ ಕಟ್ಟಡ. ಇದು ಹಜರತ್ ಖಲೀಲುಲ್ಲಾ ಅವರ ಸಮಾಧಿ. ಅಹ್ಮದ್ ಶಾಹನ ಆಹ್ವಾನದ ಮೇರೆಗೆ ಇರಾನಿನ ಕಿರ್ಮಾನ್ ಸೀಮೆಯಿಂದ ಬಂದ ಸೂಫಿ ಮನೆತನದವರು ಅವರು. ಕಿರ್ಮಾನ್ ಕನಾತ್‌ಗಳ ಸೀಮೆ. ಅವರು ಸುರಂಗ ತೋಡಿಸಿದರೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ನೋಡಿದ ವಿದ್ಯೆ ಎಂಥ ನಂಟುಗಳ ಬೆನ್ನೇರಿ ಇಲ್ಲಿಗೆ ಬಂದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಸಿಗದು. ಬಾಗಿಲ ಸುತ್ತಲಿನ ಕರಿಕಲ್ಲಿನಲ್ಲಿ ಕೆತ್ತಿದ ಅಕ್ಷರಗಳನ್ನು ಹತ್ತಿರದಿಂದ ನೋಡಿ. ಕಲ್ಲಿನ ಕೆತ್ತನೆ ಬಟ್ಟೆಯ ಅಂಚಿನಂತೆ ನವಿರಾಗಿ ಸಾಗಿದೆ.

ಅಲ್ಲಿಂದ ಇಳಿಯುತ್ತ ನಡೆಯುವಾಗ ರಸ್ತೆ ಬದಿಯ ಮಣ್ಣಿನ ಮೇಲೆ ಕಣ್ಣಿಡಿ. ಮೇಲಿನ ಕೆಂಪು ತೆಳ್ಳಗಾಗುತ್ತ, ಕಂದಾಗುತ್ತ, ತಗ್ಗಿನ ಹೊಲಗಳಲ್ಲಿ ಕಪ್ಪಿಗೆ ತಿರುಗುತ್ತದೆ. ಬೆಳಿಗ್ಗೆ ಕಮಲಾಪುರದಾಚೆ ಬಿಟ್ಟು ಬಂದ ಎರೆಭೂಮಿ ಮತ್ತೆ ಕಾಲಡಿಗೆ ಬರುತ್ತದೆ. ಚಳಿಗಾಲವಾದರೆ ತೊಗರಿ, ಜೋಳದ ಹೊಲಗಳಲ್ಲಿ ಗಿಳಿಗಳ ಗದ್ದಲ ಇರುತ್ತದೆ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಸಿಡಿಲು ಬಡಿದು ಅರ್ಧಕ್ಕೆ ಸೀಳಿದ ಹುಮಾಯೂನನ ಗೋರಿ ದೂರದಿಂದಲೇ ಗುರುತು ಸಿಗುತ್ತದೆ. ಮೊದಲು 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯ ಗೋರಿಗೆ ಹೋಗಿ. ಒಳಗೆ ಕತ್ತಲು. ಅಲ್ಲಿನವರು ಕನ್ನಡಿಯಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ ಛಾವಣಿಯ ಬಣ್ಣಗಳನ್ನು ತೋರಿಸುವುದುಂಟು. ಬಂಗಾರ, ಕುಂಕುಮ, ನೀಲಿ ಬಣ್ಣಗಳ ಬಳ್ಳಿ ಬರಹಗಳು ಬೆಳಕಿನ ಹಿಂದೆ ಹಿಂದೆಯೇ ಎದ್ದು ಬರುತ್ತವೆ. ಐದೂವರೆಯೊಳಗೆ ಹೋದರೆ ಮಾತ್ರ ಆ ಬೆಳಕು ಸಿಗುತ್ತದೆ. ಫ್ಲಾಶ್ ಹಾಕಿ ಚಿತ್ರ ತೆಗೆಯಬೇಡಿ, ಗೋಡೆಗೆ ಒರಗಬೇಡಿ.

ಈ ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭು ಎಂದೂ ನೆನೆಯುತ್ತಾರೆ. ಹೋಳಿಯ ನಂತರ ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುವ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯಿಂದ ಜಂಗಮರು ಬಂದು ಪೂಜೆ ಸಲ್ಲಿಸುತ್ತಾರೆ. ಆ ದಿನಗಳಲ್ಲಿ ಹೋದರೆ ಈ ಮಾರ್ಗದರ್ಶಿಯನ್ನು ಪಕ್ಕಕ್ಕಿಟ್ಟು ಜಾತ್ರೆಯಲ್ಲೇ ಇದ್ದುಬಿಡಿ.

ಗುಮ್ಮಟಗಳ ಹಿಂದಿನ ಬಯಲಿನಲ್ಲಿ ಬುತ್ತಿ ಬಿಚ್ಚಿ. ಕಾಗದ, ಪ್ಲಾಸ್ಟಿಕ್ ಎಲ್ಲವನ್ನೂ ಚೀಲದಲ್ಲೇ ವಾಪಸು ತನ್ನಿ. ಕಲ್ಲಿನ ತೂತುಗಳಿಗೆ ಇಳಿಯುವ ಕೊಳೆ ಇನ್ನೊಬ್ಬರ ಬಾವಿಯಲ್ಲಿ ಏಳುತ್ತದೆ. ಊರೊಳಗೆ ಉಳಿದ ಬಾವಿ, ಒರತೆಗಳಿಗೆ ಇಂದು ಇರುವ ದೊಡ್ಡ ಅಪಾಯವೂ ಅದೇ. ಮೇಲೆ ಚರಂಡಿ, ಕಟ್ಟಡ, ಕಸ ಬಂದರೆ ಕೆಳಗಿನ ನೀರು ಕೆಡುತ್ತದೆ, ಇಂಗುವ ಬಯಲು ಮುಚ್ಚಿದರೆ ಕೆಳಗಿನ ನೀರು ನಿಲ್ಲುತ್ತದೆ.

ಹಂತ 7: ಮರಳುವ ದಾರಿ

ಹೊತ್ತಿದ್ದರೆ ಊರಲ್ಲಿ ಅರ್ಧ ಗಂಟೆ ನಿಲ್ಲಿ. 1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದರಸಾದ ಉಳಿದ ಒಂದು ಮಿನಾರು, ಅದರ ಮೈಮೇಲಿನ ಬಣ್ಣದ ಹಂಚುಗಳು ಸಂಜೆಯ ಬೆಳಕಿಗೆ ಚೆನ್ನ. ಸಿದ್ದೀಖ್ ಶಾಹ ತಾಲೀಮಿನ ಹತ್ತಿರ ಬಿದ್ರಿ ಕೆಲಸದವರ ಅಂಗಡಿಗಳಿವೆ. ಸತು, ತಾಮ್ರ ಬೆರೆಸಿದ ಪಾತ್ರೆಗೆ ಬೆಳ್ಳಿ ಎಳೆ ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕುದಿಸಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಒಂದು ಸಣ್ಣ ಡಬ್ಬಿಯನ್ನಾದರೂ ಕೆಲಸ ಮಾಡುವವರಿಂದಲೇ ಕೊಂಡುಕೊಳ್ಳಿ, ಚೌಕಾಸಿ ಅತಿಯಾಗದಿರಲಿ.

ಏಳಕ್ಕೆ ಹೊರಟರೆ ಒಂಬತ್ತೂವರೆ ಹತ್ತರೊಳಗೆ ಕಲಬುರಗಿ. ಕಬ್ಬಿನ ಹಂಗಾಮಿನಲ್ಲಿ ಹುಮನಾಬಾದ್ ಆಸುಪಾಸಿನ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹೋಗುತ್ತಿರುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ದೀಪ ಇರುವುದಿಲ್ಲ, ಹೊರಚಾಚಿದ ಕಬ್ಬು ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಅಲ್ಲಿ ವೇಗ ಇಳಿಸಿ, ದಿನವೆಲ್ಲ ನಡೆದು ದಣಿದವರ ಕೈಗೆ ಸ್ಟಿಯರಿಂಗ್ ಕೊಡದೆ ಝೀರಾದ ನೆರಳಿನಲ್ಲಿ ಒಂದು ನಿದ್ದೆ ತೆಗೆದವರಿಗೆ ಕೊಡಿ.